ದೇವರಿಗೆ ಬಿಡಲು ಹೊರಟ ಕುದುರೆ

ನಮ್ಮ ಮನೆಗೆ ಕುದುರೆ ಬಂದದ್ದು ನನ್ನನ್ನು ಕೇಳಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಊರಿಗೆ ಊರೇ ನನ್ನನ್ನು ಕುದುರೆ ಹುಚ್ಚಿನವಳು ಎಂದು ಆಡಿಕೊಂಡಿತು. ಚನ್ನಪಟ್ಟಣಕ್ಕೆ ಆಟೋಗಳು ಬಂದು ಜಟಕಾಗಳು ಒಂದೊಂದಾಗಿ ಮೂಲೆ ಸೇರುತ್ತಿದ್ದ ಕಾಲ ಅದು. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ರಾಮನಗರಕ್ಕೆ ರೇಷ್ಮೆಗೂಡು ಮಾರಲು ಹೋದವರು, ವಾಪಸು ಬರುವಾಗ ಚನ್ನಪಟ್ಟಣದಲ್ಲಿ ಇಳಿದು ಒಂದು ಗಿಡ್ಡ ಕಂದು ಕುದುರೆಯನ್ನು ಹಿಡಿದುಕೊಂಡು ನಡೆದೇ ಬಂದರು. ಗಾಡಿ ಹೊಡೆಯುವುದು ಬಿಟ್ಟ ಯಾರೋ ಮುದುಕ ಕೊಟ್ಟನಂತೆ.

"ಮಗೀಗೆ ಒಸಿ ಕುಸಿಯಾಗ್ಲಿ ಅಂತ ತಂದೆ ಕಣಮ್ಮ" ಎಂದರು. ಮಗು ಎಂದರೆ ನನ್ನ ಮಗಳು, ಇನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದಳು. ಭಾವನಿಗೆ ಮಕ್ಕಳಿರಲಿಲ್ಲ, ಅವಳನ್ನು ಕಂಡರೆ ಜೀವ.

ಮಗುವಿಗೆ ಖುಷಿಯಾಗಬೇಕು ಅಂದಿದ್ದರೆ ಚನ್ನಪಟ್ಟಣದ ಬೊಂಬೆ ಅಂಗಡಿಗಳಲ್ಲಿ ಮರದ ಕುದುರೆಗಳು ಸಾಲಾಗಿ ನಿಂತಿರುತ್ತವೆ. ಅರಗಿನ ಬಣ್ಣ ಹೊಳೆಯುವ ಒಂದನ್ನು ತಂದಿದ್ದರೆ, ಬೇಜಾರಾದ ದಿನ ಅಟ್ಟಕ್ಕೆ ಎಸೆಯಬಹುದಿತ್ತು. ಅದು ಹುರುಳಿ ಕೇಳುವುದಿಲ್ಲ, ಲದ್ದಿ ಹಾಕುವುದಿಲ್ಲ. ಇದನ್ನು ಭಾವನ ಮುಖಕ್ಕೇ ಹೇಳಿದೆ. ಅವರು ನಕ್ಕು, ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತರು.

ಮೊದಮೊದಲು ಏನು ವೈಭೋಗ. ಮಗಳನ್ನು ಕೂರಿಸಿಕೊಂಡು ಭಾವ ಹಗ್ಗ ಹಿಡಿದು ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿಸುವರು. ನನ್ನ ಗಂಡ ಹಿಂದೆ ಹಿಂದೆ ಹೋಗುವರು, ಮಗಳು ಬಿದ್ದರೆ ಹಿಡಿಯಲು. ಸುತ್ತು ಮುಗಿದ ಮೇಲೆ ಮೂವರೂ ಒಳಗೆ, ಕುದುರೆ ಹೊರಗೆ. ಅದರ ಮೈ ಒರೆಸಿ, ನೀರು ತೋರಿಸಿ, ಲದ್ದಿ ಬಾಚುವವಳು ಯಾರು? ನಮ್ಮದು ರೇಷ್ಮೆಹುಳ ಸಾಕುವ ಮನೆ. ಹುಳ ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದವೆಂದರೆ ಸೊಪ್ಪು ಹಾಕಿದಷ್ಟೂ ತಿನ್ನುತ್ತವೆ, ನನಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿರುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ದು ಬಂದು, ಅದೇ ಕುಡುಗೋಲು ಹಿಡಿದು ಕುದುರೆಗೆ ಹುಲ್ಲು ಕೊಯ್ಯಲು ಮತ್ತೆ ಬದುವಿಗೆ ಹೋಗುತ್ತಿದ್ದೆ. ಬೈದುಕೊಂಡೇ ಹೋಗುತ್ತಿದ್ದೆ. ಕುದುರೆಯನ್ನಲ್ಲ, ಮನುಷ್ಯರನ್ನು.

ಮಗಳು ಚನ್ನಪಟ್ಟಣದ ಸ್ಕೂಲಿಗೆ ಸೇರಿದಳು, ಸೈಕಲ್ ಬಂತು. ಅಲ್ಲಿಗೆ ಕುದುರೆಯ ಕತೆ ಮುಗಿಯಿತು. ಸ್ಕೂಲಿನಿಂದ ಬಂದರೆ ಕುದುರೆ ಕತ್ತೆತ್ತಿ ನೋಡುತ್ತಿತ್ತು, ಇವಳು ಬೆಲ್ಲು ಹೊಡೆದುಕೊಂಡು ಪಕ್ಕದಲ್ಲೇ ಹೋಗಿಬಿಡುತ್ತಿದ್ದಳು. ಒಂದು ದಿನ ತಡೆದು ಕೇಳಿದೆ.

"ನನ್ಗೆ ಬ್ಯಾಡ ಕಣವ್ವ. ಯಾರ್ಗಾದ್ರೂ ಕೊಟ್ಬುಡಿ" ಎಂದಳು.

ಸಿಟ್ಟು ಬಂತು. ಆದರೆ ಮಕ್ಕಳಿಗೆ ಬೇಜಾರಾಗುತ್ತದೆ, ಅದಕ್ಕೇ ಅವರನ್ನು ಮಕ್ಕಳು ಅನ್ನುವುದು. ಅವಳ ಮೇಲಿನ ಸಿಟ್ಟು ಸಂಜೆಯ ಹೊತ್ತಿಗೆ ಇಳಿದುಹೋಯಿತು. ದೊಡ್ಡವರ ಮೇಲಿನದು ಇವತ್ತಿಗೂ ಇಳಿದಿಲ್ಲ.

ಆ ರಾತ್ರಿ ಊಟವಾದ ಮೇಲೆ ಅಣ್ಣತಮ್ಮಂದಿರು ಜಗಲಿಯ ಮೇಲೆ ಕೂತು ಪಂಚಾಯ್ತಿ ಶುರು ಮಾಡಿದರು. ವಯಸ್ಸಾದ ಕುದುರೆ, ಕೊಳ್ಳುವವರಿಲ್ಲ. ಕೊಟ್ಟ ಮುದುಕ ಮಗಳ ಊರಿಗೆ ಹೋಗಿದ್ದಾನೆ. ಕೊನೆಗೆ ಭಾವ ಎಲೆಅಡಿಕೆ ಉಗಿದು ಬಂದು ಹೇಳಿದರು, "ದೇವ್ರಿಗೆ ಬುಟ್ಬುಡಾನ. ಪುಣ್ಯನೂ ಬತ್ತದೆ."

ನನ್ನ ಗಂಡ ತಲೆಯಾಡಿಸಿದರು.

ದೇವರಿಗೆ ಬಿಡುವುದೆಂದರೆ ನಮ್ಮ ಕಡೆ ಹೀಗೆ: ಕರುವಿಗೆ ಮೈ ತೊಳೆಸಿ, ಕೊರಳಿಗೆ ಅರಿಶಿನದ ಬಟ್ಟೆ ಕಟ್ಟಿ, ಗುಡಿಯ ಮುಂದೆ ನಿಲ್ಲಿಸುತ್ತಾರೆ. ಯಜಮಾನನಾದವನು ಹಗ್ಗ ಹಿಡಿದು, 'ನಿನ್ನ ಋಣ ತೀರಿತು, ಇನ್ನು ನೀನು ದೇವರದು' ಎಂದು ಹಗ್ಗ ಬಿಟ್ಟುಬಿಡುತ್ತಾನೆ. ಆಮೇಲೆ ಅದು ಎಲ್ಲಿ ಹೋಯಿತು, ಏನು ತಿಂದಿತು ಎಂದು ಕೇಳುವವರಿಲ್ಲ. ನಮ್ಮೂರವರೇ ಹೀಗೆ ಬಿಟ್ಟ ಒಂದು ಕರುವನ್ನು ನಾನು ಕೆಂಗಲ್ ಹತ್ತಿರ ಮೈಸೂರು ರಸ್ತೆಯಲ್ಲಿ, ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಕೊರಳಲ್ಲಿ ಅದೇ ಅರಿಶಿನದ ಬಟ್ಟೆ, ಮುಂಗಾಲು ಮುರಿದಿತ್ತು.

"ಭಾವ, ಕರೆಯೋ ಹಸೀನ ಯಾರಾದ್ರೂ ದೇವ್ರಿಗೆ ಬುಟ್ಟಿದ್ದು ನೀವು ನೋಡಿದ್ದೀರಾ?" ಎಂದೆ ಬಾಗಿಲಲ್ಲಿ ನಿಂತು. "ಬುಡೋದೆಲ್ಲ ಗಂಡುಗರನೇ. ನಮಗೆ ಬ್ಯಾಡವಾದದ್ದೆಲ್ಲ ದೇವ್ರಿಗೆ. ಅವನೇನು ತಿಪ್ಪೆ ಕಾಯೋನಾ?"

"ದೇವ್ರ ವಿಚಾರದಲ್ಲಿ ಹಂಗೆಲ್ಲ ಮಾತಾಡ್ಬೇಡ ಕಣಮ್ಮ" ಎಂದರು ಭಾವ. ನನ್ನ ಗಂಡ ಜಗಲಿಯ ಕಂಬ ನೋಡಿದರು. ಅವರು ಮಾತಾಡಬೇಕಾದಾಗಲೆಲ್ಲ ಹೀಗೇ ಮಾಡುತ್ತಾರೆ.

ಶನಿವಾರ ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಕುದುರೆಯ ಕೊರಳಲ್ಲಿ ಅರಿಶಿನದ ಬಟ್ಟೆ ಆಗಲೇ ಕಟ್ಟಿತ್ತು. ನಾನು ಎದ್ದು ಒಲೆಗೆ ಹಾಲಿಟ್ಟು ಬರುವಷ್ಟರಲ್ಲಿ ಭಾವ ಕೆಲಸ ಮುಗಿಸಿದ್ದರು. ಕಟ್ಟಿದ ಮೇಲೆ ಬಿಚ್ಚುವ ಹಾಗಿಲ್ಲ, ಗುಡಿಯವರೆಗೂ ಹೋಗಲೇಬೇಕು, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಇಷ್ಟು ದಿನ ಹುಲ್ಲು ಹಾಕಿದ ಕೈಗೆ ಒಂದು ಮಾತು ಕೇಳುವ ಮರ್ಯಾದೆಯೂ ಇಲ್ಲವೇ? ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು, ಅಣ್ಣತಮ್ಮಂದಿರ, ಮಗಳ ಹಿಂದೆ ನಾನೂ ಹೊರಟೆ.

ಕೆರೆ ಆಚೆಗಿನ ನಮ್ಮ ಮನೆದೇವರ ಗುಡಿಗೆ ಐದು ನಿಮಿಷದ ದಾರಿ. ಕುದುರೆ ತಲೆ ತಗ್ಗಿಸಿಕೊಂಡು ಬಂತು. ಅದಕ್ಕೆ ಇದೂ ಒಂದು ಸುತ್ತು ಅಷ್ಟೇ. ಪೂಜಾರಪ್ಪ ಆರತಿ ಮಾಡಿ, ಕುದುರೆಯ ಹಣೆಗೆ ಕುಂಕುಮ ಇಟ್ಟರು. ಭಾವ ಮಗಳ ಕೈಗೆ ಹಗ್ಗ ಕೊಟ್ಟರು.

"ಇದು ನಿಂದಲ್ವಾ ಮಗ, ನೀನೇ ಅನ್ಬೇಕು. ನಿನ್ನ ಋಣ ತೀರ್ತು, ಇನ್ನು ನೀನು ದೇವ್ರುದು ಅಂತ ಅಂದು ಬುಟ್ಬುಡು."

ಮಗಳು ಹಗ್ಗ ಹಿಡಿದುಕೊಂಡು ನಿಂತಳು. "ಋಣ ಅಂದ್ರೆ ಏನ್ ದೊಡ್ಡಪ್ಪ?"

"ನೀನು ಅದನ್ನ ಸಾಕಿದ್ದೀಯ, ಅದು ನಿನ್ನ ಹೊತ್ಕೊಂಡು ತಿರುಗೈತೆ. ಇಬ್ಬರದೂ ಮುಗೀತು ಅಂತ."

"ನಾನೆಲ್ಲಿ ಸಾಕ್ದೆ? ಸಾಕಿದ್ದು ಅವ್ವ. ದೇವ್ರ ಮುಂದೆ ನಾನು ಅಂದ್ರೆ ಸುಳ್ಳಾಯ್ತದೆ." ಹಗ್ಗವನ್ನು ತಂದು ನನ್ನ ಕೈಯಲ್ಲಿಟ್ಟಳು. "ಅವ್ವನೇ ಅನ್ಲಿ."

ಭಾವ ಪೂಜಾರಪ್ಪನ ಮುಖ ನೋಡಿದರು. "ಮಗ ಹೇಳೋದು ಸರಿಯಾಗೈತೆ" ಎಂದರು ಪೂಜಾರಪ್ಪ. "ಹೆಸ್ರಿಗೆ ಯಾರದಾದ್ರೂ ಇರ್ಲಿ. ಮೇವು ಹಾಕ್ದೋರೇ ಅನ್ಬೇಕು."

ನನ್ನ ಗಂಡ ಆಗ ಬಾಯಿ ಬಿಟ್ಟರು, ಕಿವಿಯ ಹತ್ತಿರ ಬಂದು. "ಒಂದ್ ಮಾತು ಅಂದ್ಬುಡು ಕಣೆ. ನಿನ್ಗೂ ಕೆಲಸ ಕಮ್ಮಿ ಆಯ್ತದೆ."

ಅದು ನಿಜ. ಒಂದೇ ಮಾತು ಅಂದಿದ್ದರೆ ಹುಲ್ಲಿಲ್ಲ, ಲದ್ದಿಯಿಲ್ಲ, ನನ್ನ ಸೊಂಟಕ್ಕೆ ಆರಾಮ. ಕುದುರೆ ಮೂಗಿನಿಂದ ನನ್ನ ಮಡಿಲು ತಡಕುತ್ತಿತ್ತು. ದಿನಾ ಆ ಹೊತ್ತಿಗೆ ಸೆರಗಿನಲ್ಲಿ ಹುರುಳಿ ಇರುತ್ತಿತ್ತು, ಅವತ್ತು ಗಡಿಬಿಡಿಯಲ್ಲಿ ಮರೆತು ಬಂದಿದ್ದೆ.

"ನಂದು ತೀರಿಲ್ಲ" ಎಂದೆ ಪೂಜಾರಪ್ಪನಿಗೆ. ಆಮೇಲೆ ಅಣ್ಣತಮ್ಮಂದಿರ ಕಡೆ ತಿರುಗಿದೆ. "ನಿಮ್ಮದು ಇನ್ನೂ ಸುರುವೇ ಆಗಿಲ್ಲ."

ಕುದುರೆಯನ್ನು ತಿರುಗಿಸಿಕೊಂಡು ಮನೆಗೆ ಬಂದೆ. ಮಗಳು ಹಿಂದೆ ಬರಲಿಲ್ಲ, ಗೆಳತಿಯರ ಜೊತೆ ಆಡಲು ಹೋದಳು. ಅವಳಿಗೆ ಕುದುರೆಯ ಮೇಲೆ ಆಸೆ ಮತ್ತೆ ಹುಟ್ಟಲೇ ಇಲ್ಲ, ನಾನು ಅದನ್ನು ಕೇಳಲೂ ಇಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಬೂದಿಯೆಲ್ಲ ನೆನೆದಿತ್ತು.

ಮಾರನೆಯ ಬೆಳಿಗ್ಗೆ ಭಾವ ಜಗಲಿಯಲ್ಲಿ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಲೋಟ ತೆಗೆದುಕೊಂಡು, ಆ ಜಾಗದಲ್ಲಿ ಕುಡುಗೋಲು ಇಟ್ಟೆ.