ತುಪ್ಪಳದೊಳಗಿನ ಎಂಗೆಲ್ಬರ್ಟ್

ಆ ತುಪ್ಪಳದ ಅಂಗಿ ನನ್ನ ಹೊಲಿಗೆ ಅಂಗಡಿಗೆ ಬಂತೆಂದರೆ ಮೊದಲು ಕಿಟಕಿ ತೆರೆಯುತ್ತಿದ್ದೆ. ವರ್ಷವಿಡೀ ಬಿಯರ್ ಅಂಗಡಿಯ ನೆಲಮಾಳಿಗೆಯಲ್ಲಿ ಬಿದ್ದಿರುತ್ತಿದ್ದ ಕುರಿಯ ಚರ್ಮ ಅದು. ಇಲಿಯ ಉಚ್ಚೆ, ಹಳಸಿದ ಬಿಯರು, ಬೆವರು ಎಲ್ಲ ಸೇರಿದ ನಾತ. ಕೂದಲಿಗೆ ಅಂಟಿದ ಮಿಠಾಯಿ ಕೆರೆದು, ಹರಿದಲ್ಲಿ ಹೊಲಿದು ಕೊಡುವುದು ಚಳಿಗಾಲದ ಕೊನೆಯ ವೇಷದ ಹಬ್ಬವಾದ ಪ್ರತಿ ಕಾರ್ನಿವಲ್‌ಗೂ ನನ್ನ ಪಾಲಿನ ಕೆಲಸ. ಅದನ್ನು ತೊಡುತ್ತಿದ್ದವನು ನನ್ನ ಪಕ್ಕದ ಮನೆಯ ಎಂಗೆಲ್ಬರ್ಟ್ ಪ್ಯುಟ್ಸ್, ಸುಣ್ಣಕಲ್ಲಿನ ಕ್ವಾರಿಯ ಕೆಲಸಗಾರ.

ನಿಯಾಂಡರ್ ಕಣಿವೆ ನಮ್ಮೂರಿನ ಮಗ್ಗುಲಲ್ಲೇ ಇದೆ. ನಮ್ಮ ಜರ್ಮನ್ ಮಾತಿನಲ್ಲಿ 'ತಾಲ್' ಎಂದರೆ ಕಣಿವೆ. ನಿಯಾಂಡರ್ ಎನ್ನುವುದು ಅಲ್ಲಿ ಭಜನೆ ಕಟ್ಟುತ್ತಾ ಅಡ್ಡಾಡುತ್ತಿದ್ದ ಪಾದ್ರಿಯೊಬ್ಬರ ಹೆಸರು. ಗ್ರೀಕಿನಲ್ಲಿ ಅದರ ಅರ್ಥ ಹೊಸ ಮನುಷ್ಯ. ಆಮೇಲೆ ಕ್ವಾರಿಯವರು ಗುಹೆ ಒಡೆದಾಗ ಮೂಳೆ ಸಿಕ್ಕಿತು, ಅಳಿದುಹೋದ ಒಂದು ಮನುಷ್ಯಕುಲಕ್ಕೇ ನಮ್ಮ ಕಣಿವೆಯ ಹೆಸರು ಬಂತು. ಎಂಥ ಹೆಮ್ಮೆ ನಮ್ಮವರಿಗೆ! ರೊಟ್ಟಿಯ ಚೀಲದ ಮೇಲೆ ಅದೇ ಹೆಸರು, ಔಷಧಿ ಅಂಗಡಿಯ ಬೋರ್ಡಿನ ಮೇಲೆ ಅದೇ ಹೆಸರು. ಅದೇ ಬಾಯಲ್ಲಿ, ಊಟದ ತಟ್ಟೆ ತೊಳೆಯದ ಗಂಡನಿಗೆ, ಅಡ್ಡಾದಿಡ್ಡಿ ಕಾರು ಓಡಿಸುವವನಿಗೆ, ಮೊದ್ದನಿಗೆ, ಒರಟನಿಗೆ ಬಯ್ಯುವುದೂ 'ನಿಯಾಂಡರ್ತಾಲ' ಎಂದೇ. ನನಗಂತೂ ಅಸಹ್ಯ.

ಎಂಗೆಲ್ಬರ್ಟನ ಹುಬ್ಬಿನ ಮೂಳೆ ಮುಂದಕ್ಕೆ ಚಾಚಿತ್ತು, ಮೂಗು ಅಗಲ, ಕತ್ತು ಗಿಡ್ಡ. ಶಾಲೆಯಲ್ಲಿ ಮೇಷ್ಟ್ರೊಬ್ಬ ಅವನನ್ನು ಗೋಡೆಯ ಮೇಲಿನ ನಿಯಾಂಡರ್ತಾಲ ಮನುಷ್ಯನ ಚಿತ್ರದ ಪಕ್ಕ ನಿಲ್ಲಿಸಿ ಮಕ್ಕಳನ್ನು ನಗಿಸಿದ್ದ. ಅಲ್ಲಿಂದ ಮುಂದೆ ಊರಿಗೆ ಅವನ ಹೆಸರು ಮರೆತೇಹೋಯಿತು, ಅವನು ಬರೀ 'ನಿಯಾಂಡರ್ತಾಲ'. ದೊಡ್ಡವನಾದ ಮೇಲೆ ಕಾರ್ನಿವಲ್ ಸಂಘದವರು ತುಪ್ಪಳ ಹೊದಿಸಿ, ಕೈಗೆ ದೊಣ್ಣೆ ಕೊಟ್ಟು ಬಂಡಿ ಹತ್ತಿಸಿದರು. ಅವನು ಮಕ್ಕಳ ಕಡೆ ಮಿಠಾಯಿ ಎರಚಬೇಕು, ಮಕ್ಕಳು ಅವನ್ನೇ ತಿರುಗಿ ಅವನಿಗೆ ಎಸೆಯಬೇಕು, ಪೆಟ್ಟು ಬಿದ್ದಾಗ ಅವನು ಗರ್ಜಿಸಬೇಕು. ಗರ್ಜಿಸುವ ತನಕ ಹೊಡೆಯುತ್ತಲೇ ಇರುವುದು ನಮ್ಮೂರ ಪದ್ಧತಿ. ಒಮ್ಮೆಯೂ ಅವನು ಒಲ್ಲೆ ಎನ್ನಲಿಲ್ಲ. ಆ ಒಂದು ದಿನವಾದರೂ ಅವನ ಹೆಗಲ ಮೇಲೆ ಕೈಹಾಕಿ ಬಿಯರ್ ಕುಡಿಸುತ್ತಿದ್ದರಲ್ಲ.

ಮಗಳು ಗುಡ್ರುನ್‌ಗೆ ಅಪ್ಪನ ಹುಬ್ಬೇ ಬಂದಿತ್ತು, ಅದರ ಜೊತೆಗೆ ಆ ಹೆಸರೂ. ಮದುವೆಯಾದದ್ದೇ ತಡ, ದೂರದ ಕಾಸೆಲ್‌ಗೆ ಓಡಿಹೋದಳು. ಒಂದು ವರ್ಷ ಅವಳ ಮಗಳು ಯುಟ್ಟಾ, ಆರರ ಪೋರಿ, ತಾತನ ಊರಿನ ಕಾರ್ನಿವಲ್ ನೋಡಲೇಬೇಕೆಂದು ಹಟ ಹಿಡಿದಳು. ಎಂಗೆಲ್ಬರ್ಟ್ ನನ್ನ ಅಂಗಡಿಗೆ ಓಡಿಬಂದ.

"ವಿಲ್ಮಕ್ಕಾ, ಆ ಕೂಸಿಗೆ ಗೊತ್ತಾಗ್ಬಾರ್ದು. ಅವಳ ಪಾಲಿಗೆ ನಾನು ತಾತ ಅಷ್ಟೇ. ಒಂದು ಮುಖವಾಡ ಹೊಲಿದ್ಕೊಡು."

ಹೊಲಿದೆ. ಸಂಘದ ಅಧ್ಯಕ್ಷ, ಮಾಂಸದಂಗಡಿಯ ಲಾಂಬರ್ಟ್, ಅದನ್ನು ಎರಡು ಬೆರಳಲ್ಲಿ ಎತ್ತಿ ನಕ್ಕ.

"ಏನಯ್ಯಾ ಇದು? ಮುಖವಾಡ ಹಾಕೋದಾದ್ರೆ ಯಾವನಾದ್ರೂ ಸಾಕಪ್ಪ. ದೇವರು ನಿಂಗೆ ಹುಟ್ಟಿದಾಗ್ಲೇ ಹಾಕಿ ಕಳ್ಸಿದಾನಲ್ಲ!"

ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಲಾಂಬರ್ಟನ ಮುಖಕ್ಕೆ ಉಗಿಯಬೇಕೆನಿಸಿತು.

"ಹಾಗಾದ್ರೆ ಈ ಸಲ ನಾನು ಬರಲ್ಲ," ಎಂದ ಎಂಗೆಲ್ಬರ್ಟ್.

"ಬರ್ದೇ ಇದ್ರೆ ಬಂಡೀನ ನಿನ್ನ ಮನೆ ಬಾಗ್ಲಿಗೇ ತರ್ತೀವಿ. ಮೊಮ್ಮಗಳ ಎದುರಿಗೇ ಕೂಗ್ತೀವಿ. ಆಗ್ಬಹುದಾ?"

ಲಾಂಬರ್ಟ್ ಹೇಳಿದ್ದನ್ನು ಮಾಡುವವನೇ. ಕ್ವಾರಿಯಲ್ಲಿ ಕಾವಲಿನ ಪಾಳಿ ಇದೆಯೆಂದು ಯುಟ್ಟಾಗೆ ಸುಳ್ಳು ಹೇಳಿ ಎಂಗೆಲ್ಬರ್ಟ್ ಹೊರಟ. ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಕೈಯಾರೆ ದಪ್ಪಗೆ ಮೆತ್ತಿಕೊಂಡ, ಗಡ್ಡಕ್ಕೆ ನಾರು ಅಂಟಿಸಿಕೊಂಡ. ಗುಡ್ರುನ್ ಮನೆಯಿಂದ ಹೊರಗೆ ಬರಲಿಲ್ಲ. ಕೂಸನ್ನು ನಾನೇ ಚೌಕಕ್ಕೆ ಕರೆದೊಯ್ದೆ. ಜನರ ಕಾಲಡಿಯಲ್ಲಿ ಸಿಗದಿರಲೆಂದು ಗೋಡೆಯ ಮೇಲೆ ಕೂರಿಸಿದೆ.

ಬಂಡಿ ಬಂತು. ಮಿಠಾಯಿ ಬಂತು. ಮಕ್ಕಳು ಆಯ್ದು ಆಯ್ದು ತಿರುಗಿ ಎಸೆಯತೊಡಗಿದರು. ಯುಟ್ಟಾ ಎಸೆದ ಗಟ್ಟಿ ಮಿಠಾಯಿ ನೇರ ಅವನ ಹಣೆಗೆ ತಗುಲಿತು. ಎಂಗೆಲ್ಬರ್ಟ್ ತಿರುಗಿ ನೋಡಿದ. ಅವಳನ್ನು ಕಂಡ.

ಅವನು ಗರ್ಜಿಸಲಿಲ್ಲ. ಮೊಮ್ಮಗಳಿಗೆ ಕರಡಿಯಾಟ ಆಡಿಸುವಾಗ ಅವನು ತೆಗೆಯುತ್ತಿದ್ದ ದನಿಯೂ ಅದೇ ಅಲ್ಲವೇ, ಗರ್ಜಿಸಿದ್ದರೆ ಕೂಸು ಒಂದೇ ಉಸಿರಿಗೆ ಗುರುತು ಹಿಡಿಯುತ್ತಿತ್ತು.

"ಗರ್ಜಿಸೋ! ಏಯ್, ಗರ್ಜಿಸೋ!" ಎಂದು ಚೌಕಕ್ಕೆ ಚೌಕವೇ ಕೂಗಿತು. ಮಿಠಾಯಿ ಮುಗಿದ ಮೇಲೆ ಬಾಟಲಿ ಮುಚ್ಚಳ, ತಿಂದು ಬಿಟ್ಟ ಸಾಸೇಜಿನ ತುದಿ, ರಸ್ತೆಯ ಕೊಳಕು ಹಿಮ. ಒಳ್ಳೊಳ್ಳೆ ಮನೆಯ ಹೆಂಗಸರು, ಚರ್ಚಿನಲ್ಲಿ ನನ್ನ ಪಕ್ಕ ಕೂರುವವರು, ಹಲ್ಲು ಕಚ್ಚಿ ಎಸೆಯುತ್ತಿದ್ದರು. ಲಾಂಬರ್ಟ್ ಅವನ ಬೆನ್ನಿಗೆ ದೊಣ್ಣೆಯಿಂದ ತಿವಿಯುತ್ತಿದ್ದ. "ಸಾಕು ಮಾಡ್ರೋ, ಹೇಸಿಗೆ ಜನವೇ!" ಎಂದು ನಾನು ಕಿರುಚಿದ್ದು ಯಾರಿಗೂ ಕೇಳಿಸಲಿಲ್ಲ. ಬಂಡಿ ತಿರುವಿನಲ್ಲಿ ಮರೆಯಾಗುವವರೆಗೂ ಎಂಗೆಲ್ಬರ್ಟ್ ತುಟಿ ಬಿಗಿಹಿಡಿದು ನಿಂತಿದ್ದ.

ಸಂಜೆ ಮುಖ ತಿಕ್ಕಿ ತೊಳೆದು, ಇಸ್ತ್ರಿಯ ಅಂಗಿ ತೊಟ್ಟು ಅವನು ಊಟಕ್ಕೆ ಕೂತ. ಗುಡ್ರುನ್ ಬಟಾಣಿ ಸಾರು ಬಡಿಸುತ್ತಿದ್ದಳು. ನಾನೂ ಇದ್ದೆ. ಹಣೆ ಕೋಳಿಮೊಟ್ಟೆಯಷ್ಟು ಊದಿತ್ತು.

"ತಾತಾ, ನೀನು ನೋಡ್ಬೇಕಿತ್ತು! ಆ ನಿಯಾಂಡರ್ತಾಲಂಗೆ ಗರ್ಜಿಸೋಕೂ ಬರಲ್ಲ. ನಾನು ಹೊಡ್ದಿದ್ದು ತಲೆಗೇ ಬಿತ್ತು ಗೊತ್ತಾ?"

"ಹೌದಾ ಪುಟ್ಟಾ? ಗುರಿ ಚೆನ್ನಾಗಿದೆ ಬಿಡು."

"ನಿನ್ನ ಹಣೆಗೇನಾಯ್ತು?"

"ಕ್ವಾರಿ ಬಾಗ್ಲು ಬಡೀತು, ಕಂದಾ."

ಯುಟ್ಟಾ ಕುರ್ಚಿ ಹತ್ತಿ ನಿಂತಳು. ಎರಡೂ ಕೈಯಿಂದ ಅವನ ಮುಖ ಹಿಡಿದು ಊತಕ್ಕೆ ಮುತ್ತು ಕೊಟ್ಟಳು. ಆಮೇಲೆ ಅಂದು ಕಲಿತ ಹೊಸ ಮಾತನ್ನು, ಮುದ್ದಿನಿಂದಲೇ, ನಗುತ್ತಾ ಹೇಳಿದಳು.

"ಬಾಗ್ಲು ಕಾಣಿಸಲ್ವಾ ನಿಂಗೆ? ನಿಯಾಂಡರ್ತಾಲ!"

ಗುಡ್ರುನ್ ಸೌಟನ್ನು ಸಾರಿನಲ್ಲೇ ಬಿಟ್ಟು, ಮಗಳ ಕೋಟನ್ನೂ ಪ್ರಯಾಣದ ಪೆಟ್ಟಿಗೆಯನ್ನೂ ತರಲು ಒಳಗೆ ಹೋದಳು.