ಅಕ್ಕ ಸರಿಮಾಡಿದ ಫುಟ್‌ಬಾಲ್ ತಂಡ

ರಾಯದುರ್ಗಕ್ಕೆ ಹೊಲಿಗೆ ಕೆಲಸಕ್ಕೆ ಬರುವವರೆಗೂ ನಾನು ಫುಟ್‌ಬಾಲನ್ನು ಕಾಲಿಂದ ಮುಟ್ಟಿದವನಲ್ಲ. ಬಂದ ಮೇಲೂ ಮುಟ್ಟಲಿಲ್ಲ. ರೊಳ್ಳದ ಪಕ್ಕದ ನಮ್ಮೂರಲ್ಲಿ ಆಡುತ್ತಿದ್ದದ್ದು ಕ್ರಿಕೆಟ್ಟು, ವಾಲಿಬಾಲು ಅಷ್ಟೆ. ಆದರೂ ಎರಡು ವರ್ಷಕ್ಕೂ ಹೆಚ್ಚು ಕಾಲ ನಾನೊಂದು ಫುಟ್‌ಬಾಲ್ ತಂಡ ನಡೆಸಿದೆ, ಮೊಬೈಲಿನಲ್ಲಿ.

ಅಕ್ಕ, ಭಾವ ನನಗಿಂತ ಮೊದಲೇ ರಾಯದುರ್ಗ ಸೇರಿದ್ದರು. ಮಡಕಶಿರಾದಲ್ಲಿ ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ನಾನೂ ಅವರ ಮನೆಗೇ ಬಂದೆ. ಭಾವ ಜೀನ್ಸ್ ಒಗೆಯುವ ಕಡೆ ಕೆಲಸಕ್ಕಿದ್ದರು. ಅಕ್ಕನೂ ನಾನೂ ಒಂದೇ ಹೊಲಿಗೆ ಶೆಡ್ಡಿನಲ್ಲಿ. ಅವಳು ಪ್ಯಾಂಟಿನ ಕಾಲಂಚು ಮಡಚಿ ಹೊಲಿಯುತ್ತಿದ್ದಳು, ನಾನು ಹಿಂದಿನ ಜೇಬು ಕೂರಿಸುತ್ತಿದ್ದೆ. ದಿನವಿಡೀ ಜೇಬು. ಸಂಜೆಗೆ ಉಗುರಿನ ಸಂದಿಯೆಲ್ಲ ನೀಲಿ.

ನಾನು ಕೊಂಡ ಹಳೆಯ ಫೋನಿನಲ್ಲಿ ಮೊದಲಿನವನು ಅಳಿಸದೆ ಬಿಟ್ಟ ಆಟವೊಂದಿತ್ತು. ತೆರೆದು ನೋಡಿದರೆ ಓಡುವುದೂ ಇಲ್ಲ, ಒದೆಯುವುದೂ ಇಲ್ಲ. ನೀವು ತಂಡದ ಮ್ಯಾನೇಜರ್. ಯಾರು ಎಲ್ಲಿ ನಿಲ್ಲಬೇಕು, ಯಾರು ಏನು ಮಾಡಬೇಕು ಎಂದು ಹೇಳಿ ಕೂತರೆ, ಹಸಿರು ಮೈದಾನದ ಮೇಲೆ ಇಪ್ಪತ್ತೆರಡು ಚುಕ್ಕೆಗಳು ತಾವೇ ಆಡಿಕೊಳ್ಳುತ್ತವೆ. ಒಂದು ವಾರಕ್ಕೇ ಹುಚ್ಚು ಹಿಡಿಯಿತು. ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ, ಎಲ್ಲಕ್ಕಿಂತ ಕೆಳಗಿನ ಡಿವಿಷನ್ನಿನ ತಂಡ ನನ್ನದು. ಗೋಲ್‌ಕೀಪರಿಗೆ ಮೂವತ್ತಾರು ವರ್ಷ. ಮುಂದೆ ಆಡುವವನು ತೆಂಗಿನಮರದಷ್ಟು ಉದ್ದ, ಓಡಲು ಬಾರದು.

ದಿನಾ ಜೇಬು ಕೂರಿಸುವವನಿಗೆ ಹನ್ನೊಂದು ಜನಕ್ಕೆ ಅಪ್ಪಣೆ ಕೊಡುವುದೆಂದರೆ ಎಂಥ ಸುಖವೆಂದು ಬೇರೆ ಹೇಳಬೇಕಿಲ್ಲ. ತೆಲುಗಿನಲ್ಲಿ ಈ ಆಟದ ಬಗ್ಗೆ ಮಾತಾಡುವವರ ವಿಡಿಯೋಗಳನ್ನು ಹುಡುಕಿ ನೋಡಿದೆ. ಅವರು ಹೇಳಿದ್ದನ್ನೆಲ್ಲ ಹಾಕಿದೆ. ಚೆಂಡು ಹೋದ ಕೂಡಲೇ ಎಲ್ಲರೂ ಮೇಲೆ ಬಿದ್ದು ಕಿತ್ತುಕೊಳ್ಳಬೇಕು. ಹಿಂದೆ ಕಾಯುವವರೂ ಮುಂದಕ್ಕೆ ನುಗ್ಗಬೇಕು. ಗಿಡ್ಡ ಗಿಡ್ಡ ಪಾಸೇ ಕೊಡಬೇಕು. ಬಲಗಡೆಯವನು ಒಳಕ್ಕೆ ಬರಬೇಕು, ಎಡಗಡೆಯವನು ಹೊರಕ್ಕೆ ಹೋಗಬೇಕು. ಸೋತರೆ ಮಾರನೆಯ ಪಂದ್ಯಕ್ಕೆ ಎಲ್ಲವನ್ನೂ ಕಿತ್ತು ಬೇರೆ ಥರ ನಿಲ್ಲಿಸುತ್ತಿದ್ದೆ. ಹಾಗೆ ಮತ್ತೆ ಸೋಲುತ್ತಿದ್ದೆ. ಆಟಗಾರರಿಗೆ ನಿಮ್ಮ ಯೋಜನೆ ಅರ್ಥವಾಗುತ್ತಿಲ್ಲ ಎಂದು ಆಟದೊಳಗಿನ ಸಹಾಯಕ ಕೋಚು ಸಂದೇಶ ಕಳಿಸುತ್ತಿದ್ದ. ಅವನಿಗೇನು ಗೊತ್ತು ಎಂದು ಓದದೆ ಅಳಿಸುತ್ತಿದ್ದೆ.

ಶೆಡ್ಡಿನ ಕಟಿಂಗ್ ಮಾಸ್ತರು ರಾಯದುರ್ಗದವರೇ, ಐವತ್ತು ದಾಟಿದವರು. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಎದುರು ಕೂತು ಕೇಳಿದರು.

“ಯಾವಾಗ ನೋಡಿದ್ರೂ ಅದರಾಗ ಮುಖ ಇಟ್ಕಂಡಿರ್ತಿ. ಗೆದ್ದಿಯೇನಪ್ಪಾ?”

“ಇಲ್ರಿ. ಒಂಬತ್ತು ಆಟ ಆತು, ಗೆದ್ದಿಲ್ರಿ.”

“ಮತ್ತ ಯಾಕ ಆಡ್ತಿ?” ಎಂದು ನಕ್ಕು ರೊಟ್ಟಿ ಮುರಿದರು.

ಆ ತಿಂಗಳೇ ಅಕ್ಕನ ಬೆರಳಿಗೆ ಸೂಜಿ ಇಳಿಯಿತು. ನನ್ನ ಮಿಷನ್ನು ಅವಳದಕ್ಕಿಂತ ಎರಡು ಸಾಲು ಹಿಂದೆ. ಪಕ್ಕದವಳು ಕೂಗಿದ್ದು ಕೇಳಿ ಓಡಿದೆ. ಮಿಷನ್ನಿನ ಚಕ್ರವನ್ನು ಕೈಯಿಂದ ತಿರುಗಿಸಿ ಅವಳ ತೋರುಬೆರಳು ಬಿಡಿಸಿದೆ. ಸೂಜಿಯ ತುದಿ ಉಗುರಿನಡಿ ಮುರಿದು ಉಳಿದಿತ್ತು. ಡಾಕ್ಟರು ಅದನ್ನು ತೆಗೆದು, ಮೂರು ವಾರ ಮಿಷನ್ ಮುಟ್ಟಬೇಡಿ ಎಂದರು.

ಅಕ್ಕ ಸುಮ್ಮನೆ ಕೂತವಳೇ ಅಲ್ಲ. ಊರಲ್ಲಿದ್ದಾಗ ಹಿಪ್ಪುನೇರಳೆ ಸೊಪ್ಪು ಬಿಡಿಸುವುದು, ಇಲ್ಲಿ ಮಿಷನ್ನು. ನಾಲ್ಕನೇ ದಿನಕ್ಕೇ ಮನೆಯಲ್ಲಿ ಎಲ್ಲರ ಮೇಲೆ ರೇಗತೊಡಗಿದಳು. ಭಾನುವಾರ ಮಧ್ಯಾಹ್ನ ನಾನು ಫೋನು ಹಿಡಿದು ಕೂತಿದ್ದಾಗ ಬಂದು ಪಕ್ಕದಲ್ಲಿ ಕೂತಳು.

“ಅದೇನ್ಲಾ ಅದು, ಯಾವಾಗ್ಲೂ ಬೈಕೊಂತಾ ನೋಡ್ತೀಯ? ತೋರ್ಸು.”

ತೋರಿಸಿದೆ. ಸೋಲುತ್ತಲೇ ಇದ್ದೆ. ಅವಳು ಒಂದು ಚುಕ್ಕೆಯ ಮೇಲೆ ಪಟ್ಟಿ ಕಟ್ಟಿದ ಬೆರಳಿಟ್ಟಳು.

“ಇವ್ನ ಕೆಲ್ಸ ಏನು?”

“ಹಿಂದೆ ನಿಂತು ಕಾಯೋದು.”

“ಮತ್ತೆ ಮುಂದಕ್ಕೆ ಯಾಕೋದ?”

“ನಾನೇ ಹೋಗು ಅಂದಿದ್ದೀನಿ.”

“ಹಿಂದೆ ಯಾರವ್ರೆ ಈಗ?”

ಅವನ ಜಾಗಕ್ಕೆ ನಡುವಿನವನು ಬರುತ್ತಾನೆ ಎಂದೆ. ನಡುವಿನವನ ಜಾಗಕ್ಕೆ ಯಾರು ಎಂದಳು. ಅಷ್ಟರಲ್ಲಿ ಎದುರಿನವರು ಆ ಖಾಲಿ ಜಾಗದಲ್ಲೇ ಬಂದು ಗೋಲು ಹೊಡೆದರು.

“ಇವ್ನೊಬ್ಬಂಗೆ ಎಷ್ಟು ಮಾತು ಹೇಳಿದ್ದೀಯ?”

ಎಣಿಸಿದೆ. ಏಳು.

“ನಂಗೆ ಏಳು ಮಾತು ಒಟ್ಗೆ ಹೇಳಿದ್ರೆ ಒಂದೂ ಮಾಡಾಕಿಲ್ಲ. ಎಲ್ಲಾ ತೆಗ್ದಾಕು. ಅವ್ರವ್ರ ಜಾಗದಾಗೆ ಅವ್ರು ನಿಂತ್ಕಳ್ಳಿ.”

ಫುಟ್‌ಬಾಲಿನ ಗಂಧವಿಲ್ಲದವಳು ಹೇಳುತ್ತಾಳಲ್ಲ ಎಂದು ನನಗೆ ಸಿಟ್ಟು ಬಂತು. ಇವಳಿಗೇ ಗೊತ್ತಾಗಲಿ ಎಂದು ಎಲ್ಲವನ್ನೂ ತೆಗೆದೆ. ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಉದ್ದನೆಯವನ ತಲೆಗೆ ಚೆಂಡು ಕಳಿಸಿ ಎಂಬ ಒಂದೇ ಮಾತು ಉಳಿಸಿದೆ. ಆ ಪಂದ್ಯ ಗೋಲಿಲ್ಲದೆ ಸಮವಾಯಿತು. ನನ್ನ ಕೈ ಮತ್ತೆ ಬದಲಾಯಿಸಲು ಹೋಯಿತು. ಅಕ್ಕ ಫೋನು ಕಿತ್ತುಕೊಂಡಳು.

“ಒಂದಾಟಕ್ಕೇ ಬದಲಾಯಿಸ್ತೀಯೇನ್ಲಾ? ಹತ್ತಾಟ ಹಿಂಗೇ ಬಿಡು. ಆಮೇಲೆ ಮಾತಾಡು.”

ಬಿಟ್ಟೆ. ಮುಂದಿನದನ್ನು ಒಂದು ಗೋಲಿನಿಂದ ಗೆದ್ದೆವು. ಅದರ ಮುಂದಿನದನ್ನೂ. ನೋಡಲು ಚೆಂದದ ಆಟವೇನಲ್ಲ. ಹಿಂದಿನಿಂದ ಜೋರಾಗಿ ಒದೆಯುವುದು, ಉದ್ದನೆಯವನು ತಲೆ ಕೊಡುವುದು. ಗೆದ್ದ ಖುಷಿಯ ಜೊತೆಗೆ ನನಗೊಂದು ಬೇಸರವೂ ಇತ್ತು. ಅವರು ತಾವೇ ಗೆಲ್ಲುವುದಾದರೆ ನಾನು ಯಾಕೆ ಬೇಕು? ಸಂಜೆ ಕೆಲಸ ಬಿಟ್ಟು ಬಂದರೆ ಅಕ್ಕ ಬಾಗಿಲಲ್ಲೇ “ಇವತ್ತು ಯಾರ ಮೇಲೆ ಐತೆ?” ಎನ್ನುತ್ತಿದ್ದಳು. ಭಾವ ನಮ್ಮಿಬ್ಬರನ್ನೂ ನೋಡಿ, “ಇವುಕ್ಕೆ ಗಾಳಿ ಮೆಟ್ಕಂಡೈತೆ,” ಎಂದು ಸ್ನಾನಕ್ಕೆ ಹೋಗುತ್ತಿದ್ದರು.

ಬೆರಳು ವಾಸಿಯಾಗಿ ಅಕ್ಕ ಕೆಲಸಕ್ಕೆ ಬಂದಳು. ಬೆರಳು ಮೊದಲಿನಂತೆ ಮಡಚದ ಕಾರಣ ಅವಳನ್ನು ಮಿಷನ್ನಿನಿಂದ ತೆಗೆದು, ಹೊಲಿದ ಪ್ಯಾಂಟುಗಳನ್ನು ಪರೀಕ್ಷಿಸುವ ಕಡೆ ಹಾಕಿದರು. ಅವಳಿಗೆ ಅದು ಇಷ್ಟವಿರಲಿಲ್ಲ. ಒಂದು ವಾರ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಆ ವಾರವೇ ಅಂಕಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡದ ಜೊತೆ ನಮ್ಮ ಪಂದ್ಯ ಬಂತು. ದೊಡ್ಡವರ ಮುಂದೆ ಇಷ್ಟು ಸರಳವಾಗಿ ಆಡಿದರೆ ಆಗದು ಎಂದುಕೊಂಡು, ಊಟದ ಬಿಡುವಿನಲ್ಲಿ ಅಕ್ಕನಿಗೆ ಹೇಳದೆ ಹಳೆಯ ಉಪಾಯಗಳನ್ನೆಲ್ಲ ಮತ್ತೆ ಹಾಕಿದೆ. ಐದು ಗೋಲು ಬಿದ್ದವು.

ಸಂಜೆ ಅವಳಾಗಿಯೇ ಫೋನು ಕೇಳಿದಳು. ಕೊಡದೆ ವಿಧಿಯಿರಲಿಲ್ಲ.

“ಐದು ಯಾಕೆ ಬಿತ್ತು?”

“ಕೀಪರು ಸರಿಯಿಲ್ಲ ಅಕ್ಕ. ವಯಸ್ಸಾಯ್ತು.”

ಅವಳು ತಂಡ ನಿಂತಿದ್ದ ರೀತಿಯನ್ನು ತೆರೆದು ನೋಡಿದಳು. ಅವಳಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಮುಂದಕ್ಕೆ ನುಗ್ಗು, ಒಳಕ್ಕೆ ಬಾ ಎಂಬ ಅಪ್ಪಣೆಗೆ ಬೀಳುವ ಬಾಣದ ಗುರುತು ಯಾವ ಚುಕ್ಕೆಯ ಪಕ್ಕ ಇರಬಾರದೆಂದು ಗೊತ್ತಿತ್ತು.

“ನೀನು ಮಾಡಿದ್ದನ್ನ ಆ ಮುದ್ಕನ ಮೇಲೆ ಹಾಕ್ಬ್ಯಾಡ,” ಎಂದಳು.

ಬೈದಿದ್ದರೆ ಜಗಳ ಆಡುತ್ತಿದ್ದೆ. ಮೆಲ್ಲಗೆ ಹೇಳಿ ಫೋನು ವಾಪಸು ಕೊಟ್ಟಳು. ಇಲ್ಲದ ಮನುಷ್ಯನ ಮೇಲೆ ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾದದ್ದು ಆವತ್ತೊಂದೇ. ಬಾಣಗಳನ್ನು ಅವಳೆದುರೇ ಒಂದೊಂದಾಗಿ ತೆಗೆದೆ.

ಆಟದೊಳಗಿನ ವರ್ಷದ ಕೊನೆಯ ಪಂದ್ಯ ಒಂದು ಭಾನುವಾರ ಆಡಿದೆವು. ಸಮವಾದರೂ ಸಾಕು, ಮೇಲಿನ ಡಿವಿಷನ್ನಿಗೆ ಹೋಗುತ್ತಿದ್ದೆವು. ಭಾವನೂ ಬಂದು ಕೂತರು. ಕೊನೆಯ ಹತ್ತು ನಿಮಿಷ ಎದುರಿನವರು ನಮ್ಮ ಗೋಲಿನ ಬಾಯಲ್ಲೇ ಇದ್ದರು. “ಏನಾರ ಹೇಳ್ಲಾ ಅವ್ರಿಗೆ!” ಎಂದು ಭಾವನೇ ಕೂಗಿದರು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು, ನಾನು ಒತ್ತದಂತೆ. ಗೋಲು ಬೀಳಲಿಲ್ಲ. ಮುಗಿದಾಗ ಮೂವರೂ ಎದ್ದು ನಿಂತಿದ್ದೆವು. ಒಲೆಯ ಮೇಲೆ ಅನ್ನ ಸೀದಿತ್ತು.

ಮೇಲಿನ ಡಿವಿಷನ್ನಿನಲ್ಲಿ ನಡುವೆ ಎಲ್ಲೋ ಉಳಿದೆವು. ಮರುವರ್ಷ ಅಕ್ಕ, ಭಾವ ಊರ ಕಡೆಗೇ ಹೋದರು; ಮಡಕಶಿರಾ ಹತ್ತಿರ ಭಾವನಿಗೆ ಡ್ರೈವರ್ ಕೆಲಸ ಸಿಕ್ಕಿತು. ನಾನು ರಾಯದುರ್ಗದಲ್ಲೇ ಉಳಿದೆ. ಆ ಫೋನು ನೀರಿಗೆ ಬಿದ್ದು ಕೆಟ್ಟಾಗ ತಂಡವೂ ಹೋಯಿತು. ಹೊಸ ಫೋನಿನಲ್ಲಿ ಬೇರೆ ತಂಡ ಹಿಡಿದಿದ್ದೇನೆ. ನಾಲ್ಕು ಪಂದ್ಯ ಸತತವಾಗಿ ಸೋತರೆ ಈಗಲೂ ಕೈ ತಡೆಯುವುದಿಲ್ಲ. ಏನೇನೋ ಹಾಕುತ್ತೇನೆ, ಐದನೆಯದನ್ನೂ ಸೋಲುತ್ತೇನೆ, ಆಮೇಲೆ ತೆಗೆಯುತ್ತೇನೆ.