ಪೋಸ್ಟರು ಇಳಿಸುವ ಕಾಂಡಿ

ಬೆಳಗಿನ ಐದೂವರೆ. ಕಿಲ್‌ಮೋರನ್ನಿನ ಮುಖ್ಯಬೀದಿಯಲ್ಲಿ ಎಚ್ಚರವಾಗಿರುವುದು ಕಡಲಹಕ್ಕಿಗಳು, ಮತ್ತೆ ಕಾಂಡಿ ಬ್ರೆಸ್ಲಿನ್. ಅಂಚೆ ಕಚೇರಿಯ ಮುಂದಿನ ದೀಪದ ಕಂಬಕ್ಕೆ ಏಣಿ ಆನಿಸಿ, ಎರಡು ಸಲ ಅಲುಗಿಸಿ ನೋಡಿ, ಕಟಿಂಗ್ ಪ್ಲೇಯರನ್ನು ಹಲ್ಲಲ್ಲಿ ಕಚ್ಚಿಕೊಂಡು ಅವರು ಹತ್ತುತ್ತಾರೆ. ಕಂಬದಲ್ಲಿ ಎರಡು ಪೋಸ್ಟರುಗಳಿವೆ. ಮೇಲಿನದು ‘ಹೌದು’ ಎನ್ನುತ್ತದೆ, ಕೆಳಗಿನದು ‘ಬೇಡ’ ಎನ್ನುತ್ತದೆ. ಒಂದೊಂದಕ್ಕೂ ನಾಲ್ಕು ಪ್ಲಾಸ್ಟಿಕ್ ಪಟ್ಟಿ. ಕಟ್, ಕಟ್, ಕಟ್, ಕಟ್.

ಕೆಳಗೆ ಏಣಿಯ ಕಾಲು ಹಿಡಿದು ನಿಂತ ಜಿಮ್ಮಿ ಬಾಯಲ್, ಕೌನ್ಸಿಲ್ಲಿನ ವ್ಯಾನಿನ ಡ್ರೈವರು, ಆಕಳಿಸುತ್ತಾನೆ. “ಯಾವುದನ್ನ ಮೊದಲು ಬಿಚ್ಚಿದೆ?”

“ಕೈಗೆ ಸಿಕ್ಕಿದ್ದು.”

“ಹಂಗೆಲ್ಲ ಅನ್ನಬೇಡಪ್ಪ. ನಿನ್ನೆ ನಮ್ಮದನ್ನೇ ಮೊದಲು ಕಿತ್ತ ಅಂತ ಎರಡೂ ಕಡೆಯವರು ಆಫೀಸಿಗೆ ಫೋನ್ ಮಾಡಿದಾರೆ.”

ಎರಡು ಸಾವಿರದ ಹದಿನೆಂಟರ ಜೂನ್, ಜನಮತಗಣನೆ ಮುಗಿದು ಹನ್ನೊಂದು ದಿನ. ಗರ್ಭಪಾತದ ಮೇಲಿನ ನಿಷೇಧವನ್ನು ಐರ್ಲೆಂಡು ಮೂರಕ್ಕೆ ಎರಡರಷ್ಟು ಮತಗಳಿಂದ ಸಂವಿಧಾನದಿಂದ ತೆಗೆದುಹಾಕಿದೆ. ‘ಬೇಡ’ ಎಂದದ್ದು ಒಂದೇ ಒಂದು ಕೌಂಟಿ, ಈ ಊರಿರುವ ಡೊನೆಗಾಲ್ ಜಿಲ್ಲೆ. ಅದೂ ಕೂದಲೆಳೆಯ ಅಂತರದಲ್ಲಿ. ಹಾಗಾಗಿ ಕಿಲ್‌ಮೋರನ್ನಿನಲ್ಲಿ ಗೆದ್ದವರು ಜೋರಾಗಿ ನಗುವಂತಿಲ್ಲ, ಸೋತವರು ಒಬ್ಬರೇ ಅಳಬೇಕಾಗಿಲ್ಲ. ಅಕ್ಕಪಕ್ಕದ ಮನೆಯವರು ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಿದ್ದಾರೆ. ಪೋಸ್ಟರು ಕಟ್ಟಿದವರೇ ಏಳು ದಿನದೊಳಗೆ ಬಿಚ್ಚಬೇಕು ಎಂಬುದು ಕಾನೂನು. ಬಿಚ್ಚದೆ ಬಿಟ್ಟದ್ದು ಕೌನ್ಸಿಲ್ಲಿನ ಪಾಲು. ಕೌನ್ಸಿಲ್ಲು ಎಂದರೆ ಈ ಊರಿನಲ್ಲಿ ಕಾಂಡಿ.

ವಯಸ್ಸು ಅರವತ್ತೆರಡು, ಕೆಲಸಕ್ಕೆ ಸೇರಿ ಮೂವತ್ತಾರು ವರ್ಷ. ಚರಂಡಿ, ಗುಂಡಿ, ಬಿರುಗಾಳಿಗೆ ಬಿದ್ದ ಮರ, ಕ್ರಿಸ್‌ಮಸ್ಸಿನ ದೀಪಮಾಲೆ ಎಲ್ಲಕ್ಕೂ ಅವರೇ. ಈ ವಾರದ ಲೆಕ್ಕ ಹೀಗಿದೆ: ಊರೊಳಗೆ ಐವತ್ತೆಂಟು ಕಂಬ, ಬಂದರಿನ ರಸ್ತೆ ಸೇರಿದರೆ ಹನ್ನೊಂದು ಮೈಲಿ, ಉಳಿದುಕೊಂಡ ಪೋಸ್ಟರು ನೂರ ನಲವತ್ತಕ್ಕೆ ಹತ್ತಿರ. ದಿನಕ್ಕೆ ನಲವತ್ತು ಸಲ ಏಣಿ ಹತ್ತಿ ಇಳಿಯುತ್ತಾರೆ. “ಹತ್ತೋದು ಕಷ್ಟ ಅಲ್ಲ, ಇಳಿಯೋವಾಗ ಮಂಡಿ ಮಾತಾಡುತ್ತೆ” ಎನ್ನುತ್ತಾರೆ.

ಈ ಕಂಬಗಳಿಗೂ ಅವರಿಗೂ ಹಳೆಯ ನಂಟು. ಕಂಬಕ್ಕೆ ಏನೇನು ಕಟ್ಟಿದ್ದರು ಎಂಬುದರ ಮೇಲೆಯೇ ಅವರು ವರ್ಷಗಳನ್ನು ನೆನಪಿಟ್ಟಿದ್ದಾರೆ. ಪೋಪ್ ಬಂದ ವರ್ಷ ಹಳದಿ-ಬಿಳಿ ಬಾವುಟ. ಶನಿವಾರಗಳಲ್ಲಿ ಡಾನ್ಸ್ ಹಾಲಿನ ವಾದ್ಯಮೇಳದ ಭಿತ್ತಿಪತ್ರ, ಮಳೆಗೆ ಬಣ್ಣ ಇಳಿದು ಹಾಡುಗಾರನ ಕೋಟು ನೀಲಿಯಿಂದ ಬೂದಿಯಾಗುತ್ತಿತ್ತು. ಅಂಥದೊಂದು ಪತ್ರದ ಕೆಳಗೇ ಹೆಂಡತಿ ನೋರೀನ್ ಮೊದಲು ಕಂಡದ್ದು, ಮೀನಿನ ಕಾರ್ಖಾನೆಯ ಬಿಳಿ ಬೂಟಿನಲ್ಲಿ. “ಡಾನ್ಸಿಗೆ ಬರ್ತೀಯಾ ಅಂದೆ. ಬೂಟು ಬದಲಾಯಿಸಿ ಬರ್ತೀನಿ ಅಂದ್ಲು. ಬದಲಾಯಿಸಲೇ ಇಲ್ಲ, ಅದರಲ್ಲೇ ಕುಣಿದ್ಲು.” ಹೇಳುವಾಗ ಕಾಂಡಿಯ ಮುಖ ಅರಳುತ್ತದೆ. ಆಗ ಪ್ಲಾಸ್ಟಿಕ್ ಪಟ್ಟಿ ಇರಲಿಲ್ಲ, ಹುಲ್ಲಿನ ಹೊರೆ ಬಿಗಿಯುವ ಹುರಿಯಲ್ಲಿ ಕಟ್ಟುತ್ತಿದ್ದರು. ಗಂಟು ಹಾಕುವುದನ್ನು ಕಲಿಸಿದವರು ಅಪ್ಪ. ಎಳೆದರೆ ಬಿಚ್ಚಬೇಕು, ಗಾಳಿಗೆ ಬಿಚ್ಚಬಾರದು, ಅಂಥ ಗಂಟು.

ಎಂಬತ್ತಮೂರರಲ್ಲಿ ಅದೇ ಅಪ್ಪನ ಜೊತೆ ಇದೇ ಬೀದಿಯಲ್ಲಿ ಇನ್ನೊಂದು ಜನಮತದ ಪೋಸ್ಟರು ಕಟ್ಟಿದ್ದನ್ನು ಕಾಂಡಿ ಮುಚ್ಚಿಡುವುದಿಲ್ಲ. ನಿಷೇಧವನ್ನು ಸಂವಿಧಾನದೊಳಗೆ ಬರೆಯಲು ಕೇಳಿದ್ದ ಮತ ಅದು. ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಕಟ್ಟುಗಟ್ಟಲೆ ಕೊಟ್ಟರು, ಅಪ್ಪ ಮಗ ಕಟ್ಟಿದರು. “ಅವತ್ತು ನಾನೂ ಅದಕ್ಕೇ ಗುರುತು ಹಾಕಿದೆ. ಯೋಚನೆ ಅಂತ ಏನೂ ಇರಲಿಲ್ಲ. ಅಪ್ಪ ಏಣಿ ಹಿಡಿದಿದ್ದ, ನಾನು ಹತ್ತಿದೆ. ಸಂಜೆ ಇಬ್ಬರೂ ಚಿಪ್ಸ್ ತಿಂದು ಮನೆಗೆ ಹೋದ್ವಿ. ಒಳ್ಳೆ ದಿನ ಅದು. ಈಗಲೂ ಒಳ್ಳೆ ದಿನ ಅಂತಲೇ ನೆನಪು, ಏನು ಮಾಡ್ಲಿ?”

ತೊಂಬತ್ತೆರಡರ ಬಂಟಿಂಗಿನ, ಅಂದರೆ ಬಾವುಟದ ತೋರಣಗಳ, ಮಾತು ಬಂದಾಗ ಮಾತ್ರ ಅವರು ಏಣಿಯ ಕೆಳಮೆಟ್ಟಿಲ ಮೇಲೆ ಕೂರುತ್ತಾರೆ. ಆ ಸೆಪ್ಟೆಂಬರಿನಲ್ಲಿ ಡೊನೆಗಾಲ್ ಮೊದಲ ಬಾರಿಗೆ ಫುಟ್‌ಬಾಲಿನ ಅಖಿಲ ಐರ್ಲೆಂಡ್ ಕಪ್ಪು ಗೆದ್ದಿತ್ತು. ಊರಿಗೆ ಊರೇ ಹಸಿರು-ಚಿನ್ನದ ಬಣ್ಣ. ಮೂರು ದಿನ ಕಾಂಡಿ ಕಂಬದ ಮೇಲೇ ಇದ್ದರು. ಕೆಳಗೆ ಬೀದಿಯಲ್ಲಿ ನೋರೀನ್, ಎಂಟು ತಿಂಗಳ ಬಸುರಿ. ಇಬ್ಬರು ಗಂಡುಮಕ್ಕಳಾದ ಮೇಲೆ ಮೂರನೆಯದು. ಸಿಕ್ಕವರೆಲ್ಲ ಅವರ ಹೊಟ್ಟೆ ಸವರಿ, “ಇವನೂ ಡೊನೆಗಾಲಿಗೆ ಆಡ್ತಾನೆ ನೋಡ್ತಿರು!” ಎನ್ನುತ್ತಿದ್ದರು.

ಆ ಮಗು ಬದುಕುವುದಿಲ್ಲ ಎಂದು ಗಂಡ ಹೆಂಡತಿಗೆ ಜೂನ್ ತಿಂಗಳಲ್ಲೇ ತಿಳಿದಿತ್ತು. ತಲೆಬುರುಡೆ ಕೂಡಿಕೊಂಡಿರಲಿಲ್ಲ. ನೋರೀನ್ “ಈಗಲೇ ಮುಗಿಸೋಕೆ ಆಗಲ್ವಾ?” ಎಂದು ಕೇಳಿದರು. ಡಾಕ್ಟರು ಕಿಟಕಿಯ ಕಡೆ ನೋಡುತ್ತ, “ಈ ದೇಶದಲ್ಲಿ ಆಗಲ್ಲಮ್ಮ. ಮನೆಗೆ ಹೋಗಿ ಕಾಯಿರಿ” ಎಂದರು. ಇಂಗ್ಲೆಂಡಿಗೆ ಹೋಗುವುದು ಹೇಗೆ, ಯಾರನ್ನು ಕೇಳುವುದು, ಕೇಳಿದರೆ ಯಾರಿಗೆ ಗೊತ್ತಾಗುತ್ತದೆ, ಒಂದೂ ತಿಳಿಯಲಿಲ್ಲ. ಕಾದರು. ನಾಲ್ಕು ತಿಂಗಳು ನೋರೀನ್ ಬೀದಿಯಲ್ಲಿ ಜನರ ಶುಭಾಶಯಕ್ಕೆ ‘ಥ್ಯಾಂಕ್ಯೂ’ ಹೇಳಿದರು.

ಅಕ್ಟೋಬರಿನಲ್ಲಿ ಹೆಣ್ಣುಮಗು ಹುಟ್ಟಿ ನಲವತ್ತು ನಿಮಿಷ ಇತ್ತು. ಕಾಂಡಿ ಅದನ್ನು ತಮ್ಮ ತಾಯಿಯ ಗೋರಿಯಲ್ಲೇ ಇಟ್ಟರು. ಊರಿಗೆ ‘ಮಗು ಉಳೀಲಿಲ್ಲ’ ಎಂದಷ್ಟೇ ಹೇಳಿದರು. ಮರುವಾರ ಬಂಟಿಂಗು ಬಿಚ್ಚಬೇಕಿತ್ತು. “ಆ ಕೆಲಸ ಬೇರೆ ಯಾರಿಗಾದರೂ ಹೇಳಿ ಅಂತ ಕೇಳಬಹುದಿತ್ತು. ಯಾಕೆ ಅಂತ ಕೇಳ್ತಾರಲ್ಲ? ಅದಕ್ಕೇ ನಾನೇ ಹತ್ತಿದೆ.”

ಈ ಸಲದ ಪ್ರಚಾರ ಶುರುವಾದಾಗ ಬೇಕರಿಯ ಎದುರು ಕಂಬದಲ್ಲಿ ಬಸಿರಿನೊಳಗಿನ ಮಗುವಿನ ದೊಡ್ಡ ಚಿತ್ರದ ‘ಬೇಡ’ ಪೋಸ್ಟರು ಬಂತು. ನೋರೀನ್ ಮುಖ್ಯಬೀದಿಗೆ ಬರುವುದನ್ನೇ ಬಿಟ್ಟರು. ಬ್ರೆಡ್ಡು ಬೇಕಾದರೆ ಕಡಲದಂಡೆಯ ದಾರಿ ಹಿಡಿದು ಒಂದೂವರೆ ಮೈಲಿ ಸುತ್ತಿ ಪೆಟ್ರೋಲ್ ಬಂಕಿನ ಅಂಗಡಿಗೆ. ಗಂಡನ ಬಳಿ ಏಣಿ ಇತ್ತು, ಕಟಿಂಗ್ ಪ್ಲೇಯರ್ ಇತ್ತು. “ಒಂದು ರಾತ್ರಿ ಹೋಗಿ ಕಿತ್ತು ಹಾಕ್ಲಾ ಅಂದೆ. ‘ನಾಳೆ ಅವರು ನಿನ್ನನ್ನ ಕಳ್ಳ ಅಂತಾರೆ, ಆಮೇಲೆ ನಿನ್ನ ಏಣಿ ಮೇಲೆ ಯಾರಿಗೂ ನಂಬಿಕೆ ಇರಲ್ಲ, ಸುಮ್ನಿರು’ ಅಂದ್ಲು. ಕಾನೂನು ಬಿಡೋ ತನಕ ನಾನು ಮುಟ್ಟಲಿಲ್ಲ.” ಆರು ವಾರ ಆ ಚಿತ್ರದ ಕೆಳಗೇ ಅವರು ಕಸ ಗುಡಿಸಿದ್ದಾರೆ.

ಮತದ ದಿನ ಇಬ್ಬರೂ ಶಾಲೆಗೆ ಹೋಗಿ ಗುರುತು ಹಾಕಿ ಬಂದರು. ಗೇಟಿನ ಬಳಿ ನೋರೀನ್, “ಹೌದು ಅಂತ ಹಾಕಿದೆ” ಎಂದರು. “ನಾನೂನೂ” ಎಂದರು ಕಾಂಡಿ. ಮರುದಿನ ರೇಡಿಯೋದಲ್ಲಿ ಫಲಿತಾಂಶ ಬರುವಾಗ ನೋರೀನ್ ಆಲೂಗಡ್ಡೆ ಸುಲಿಯುತ್ತಿದ್ದರು. ಡಬ್ಲಿನ್ನಿನಲ್ಲಿ ಜನ ಕೋಟೆಯ ಅಂಗಳ ತುಂಬಿ ಕೂಗುವುದು ಕೇಳಿಸಿತು. ಚಾಕು ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತರು, ಅಷ್ಟೆ.

ಏಳೂವರೆಗೆ ಬೀದಿ ಎದ್ದಿದೆ. ಪ್ರತಿ ಕಂಬದ ಕೆಳಗೂ ಯಾರೋ ಒಬ್ಬರು. ಮತ ಹಾಕಲೆಂದೇ ಗ್ಲಾಸ್ಗೊದಿಂದ ಹಡಗು ಹತ್ತಿ ಬಂದು ಇನ್ನೂ ಹಿಂದಿರುಗದ ನರ್ಸಿಂಗ್ ಹುಡುಗಿ ಈಫಾ ಕೈ ಚಾಚುತ್ತಾಳೆ. “ಕಾಂಡಿ, ಒಂದು ‘ಹೌದು’ ಕೊಡಿ, ರೂಮಲ್ಲಿ ಹಾಕ್ಕೋತೀನಿ.”

“ಒಯ್ಯಮ್ಮ. ನಿಮ್ಮಮ್ಮ ಏನಂತಾರೆ?”

“ಅವರು ‘ಬೇಡ’. ಅಡಿಗೆಮನೇಲಿ ಅಂಟಿಸಿದ್ರೆ ಸಾಯಿಸ್ತಾರೆ!”

ಜಿಮ್ಮಿ ನಗುತ್ತಾನೆ. “ಎರಡೂ ಒಯ್ಯಿ ಮಾರಾಯ್ತಿ, ನಮಗೂ ಹೊರೆ ಕಡಿಮೆ.”

ಬೇಕರಿಯ ಎದುರಿನ ಕಂಬದ ಕೆಳಗೆ ರೋಸ್ ಮೆಕ್‌ಗಿನ್ಲಿ ನಿಂತಿದ್ದಾರೆ. ಎಂಬತ್ತು ದಾಟಿದವರು, ಒಂಬತ್ತು ಮಕ್ಕಳನ್ನು ಹೆತ್ತವರು, ಪ್ರಚಾರದುದ್ದಕ್ಕೂ ಮನೆಮನೆಗೆ ಹೋಗಿ ‘ಬೇಡ’ ಎನ್ನಿ ಎಂದು ಕೈಮುಗಿದವರು. ಕಾಂಡಿ ಕೊನೆಯ ಪಟ್ಟಿ ಕತ್ತರಿಸುವಾಗ ಅವರು ಕೂಗುತ್ತಾರೆ: “ಅದನ್ನ ಕೆಳಕ್ಕೆ ಎಸೀಬೇಡಪ್ಪ ಕಾಂಡಿ. ಅದರಲ್ಲಿ ಮಗು ಇದೆ.”

ಕಾಂಡಿ ಎಸೆಯುವುದಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಒಂದೊಂದೇ ಮೆಟ್ಟಿಲು ಇಳಿದು, ಚಿತ್ರ ಒಳಮುಖವಾಗಿ ವ್ಯಾನಿನಲ್ಲಿ ಒರಗಿಸುತ್ತಾರೆ. ರೋಸ್ ಕಣ್ಣೊರೆಸಿಕೊಳ್ಳುತ್ತಾರೆ. “ನನಗೆ ಗೊತ್ತಿದ್ದ ದೇಶ ಹೋಯ್ತು ಕಣಪ್ಪ.”

“ನಮ್ಮಪ್ಪನ ದೇಶಾನೂ ಅದೇ ರೋಸಮ್ಮ. ನನಗೂ ಒಂದೊಂದ್ಸಲ ಅದು ಬೇಕು ಅನ್ಸುತ್ತೆ” ಎನ್ನುತ್ತಾರೆ ಕಾಂಡಿ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ.

ಆ ಪೋಸ್ಟರು ಇಳಿದ ಸುದ್ದಿ ಮನೆಗೆ ಹೇಗೆ ಮುಟ್ಟಿತೋ, ಬಹುಶಃ ಜಿಮ್ಮಿಯ ಫೋನು. ಒಂಬತ್ತೂವರೆಗೆ ನೋರೀನ್ ಕೈಚೀಲ ಹಿಡಿದು ಬೀದಿಯ ತುದಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಕಾಂಡಿ ಪಕ್ಕದ ಕಂಬದ ಮೇಲಿದ್ದಾರೆ. ಕರೆಯುವುದಿಲ್ಲ, ಕೈಬೀಸುವುದಿಲ್ಲ. ನೋರೀನ್ ಬೇಕರಿಯ ಸಾಲಿಗೆ ಸೇರುತ್ತಾರೆ. ಅವರ ಮುಂದೆಯೇ ರೋಸ್. ಬಾಗಿಲು ತೆರೆದಿದೆ, ಮಾತೆಲ್ಲ ಮೇಲಿನವರೆಗೂ ಕೇಳುತ್ತದೆ.

ಗಲ್ಲಾಪೆಟ್ಟಿಗೆಯ ಹಿಂದೆ ನಿಂತ ಹುಡುಗಿ ಊರಿಗೆ ಹೊಸಬಳು. ರೋಸ್ ಅವರ ಸೋಡಾ ಬ್ರೆಡ್ಡು ಕಾಗದದಲ್ಲಿ ಸುತ್ತಿ ಕೊಟ್ಟು, ಸುಮ್ಮನೆ ಮಾತಿಗೆಂದು ನೋರೀನ್ ಅವರನ್ನು ಕೇಳುತ್ತಾಳೆ: “ದೊಡ್ಡದು ಬೇಕಾ ಆಂಟಿ? ಮಕ್ಕಳೆಷ್ಟು ನಿಮಗೆ?”

ಈ ಪ್ರಶ್ನೆಗೆ ಇಪ್ಪತ್ತೈದು ವರ್ಷದಿಂದ ಒಂದೇ ಉತ್ತರ: ಎರಡು. ನೋರೀನ್ ಕೈಚೀಲವನ್ನು ಎದುರಿನ ಮೇಜಿನ ಮೇಲಿಡುತ್ತಾರೆ. “ಮೂರು” ಎನ್ನುತ್ತಾರೆ. “ಗಂಡು ಎರಡು. ಒಂದು ಹೆಣ್ಣು, ಅದು ನಲವತ್ತು ನಿಮಿಷ ಇತ್ತು. ಇರಲ್ಲ ಅಂತ ಮೊದಲೇ ಗೊತ್ತಿತ್ತು ನನಗೆ.”

ಬ್ರೆಡ್ಡು ತೆಗೆದುಕೊಂಡು ಹೊರಟಿದ್ದ ರೋಸ್ ಮೆಕ್‌ಗಿನ್ಲಿ ನಿಧಾನವಾಗಿ ತಿರುಗುತ್ತಾರೆ.

“ಕಪ್ಪು ಗೆದ್ದ ವರ್ಷ?”

“ಹೌದು ರೋಸಮ್ಮ.”

“ನಾನೂ ಹೊಟ್ಟೆ ಸವರಿದ್ದೆ ನಿಂದು. ಆಡ್ತಾನೆ ಅಂದಿದ್ದೆ.”

“ಅಂದಿದ್ರಿ.”

ರೋಸ್ ಬಾಗಿಲಿನ ಚೌಕಟ್ಟು ಹಿಡಿದುಕೊಳ್ಳುತ್ತಾರೆ. “ನಾಳೆ ಮತ್ತೆ ಕೇಳಿದ್ರೂ ನಾನು ಬೇಡ ಅಂತಲೇ ಗುರುತು ಹಾಕೋದು ನೋರೀನ್. ಸುಳ್ಳು ಹೇಳಲ್ಲ.”

“ಗೊತ್ತು.”

“ಹೆಸರು ಏನಿಟ್ಟಿದ್ರಿ ಮಗೂಗೆ?”

“ರೋಶೀನ್.”

“ರೋಶೀನ್” ಎಂದು ರೋಸ್ ಒಮ್ಮೆ ಬಾಯಲ್ಲಿ ಹೇಳಿ ನೋಡುತ್ತಾರೆ. ತಮ್ಮ ಮನೆಯವರಲ್ಲದೆ ಇನ್ನೊಬ್ಬರು ಆ ಹೆಸರು ಹೇಳಿದ್ದನ್ನು ಕಾಂಡಿ ಕೇಳಿದ್ದು ಇದೇ ಮೊದಲು. ಅವರು ಕಂಬವನ್ನು ಒಂದು ಕೈಯಲ್ಲಿ ಅಪ್ಪಿ ಹಿಡಿದು, ಇನ್ನೊಂದು ಕೈಯ ಕೆಲಸ ಮುಂದುವರಿಸುತ್ತಾರೆ. ಜಿಮ್ಮಿ ಏಣಿಯ ಕಾಲನ್ನು ಗಟ್ಟಿಯಾಗಿ ಹಿಡಿದು ನೆಲ ನೋಡುತ್ತಾನೆ. ಮೇಲಕ್ಕೆ ನೋಡುವುದಿಲ್ಲ.

ಹನ್ನೊಂದಕ್ಕೆ ಚಹಾ. ವ್ಯಾನಿನ ಹಿಂಬದಿಯಲ್ಲಿ ‘ಹೌದು’ ‘ಬೇಡ’ಗಳ ಅಟ್ಟಿಯ ಪಕ್ಕ ಕೂತು ಕಾಂಡಿ ಫ್ಲಾಸ್ಕಿನ ಮುಚ್ಚಳದಲ್ಲಿ ಕುಡಿಯುತ್ತಾರೆ. ನಿವೃತ್ತಿಗೆ ಇನ್ನು ಮೂರು ವರ್ಷ. ಆಮೇಲೆ ಏನು ಎಂದರೆ, ಮೀನು ಹಿಡಿಯುತ್ತೇನೆ ಎಂದು ಎಲ್ಲರೂ ಹೇಳುವ ಮಾತನ್ನು ಅವರೂ ಹೇಳುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಮುಚ್ಚಳ ಒರೆಸಿ ಫ್ಲಾಸ್ಕಿಗೆ ತಿರುಗಿಸುತ್ತಾರೆ.

“ಅಮ್ಮನ ಗೋರಿಕಲ್ಲಿನಲ್ಲಿ ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದೆ. ಮಗು ಹೆಸರು ಕೆತ್ತಿಸಬೇಕು. ಐರಿಷಿನಲ್ಲಿ ಆರೇ ಅಕ್ಷರ, ಅರ್ಧ ದಿನದ ಕೆಲಸ ಅಂತೆ, ಕಲ್ಲಿನವನನ್ನ ನಿನ್ನೆ ಕೇಳಿದೀನಿ. ‘ರೋ’, ‘ಶೀ’ ಅಂತ ಎಳೆಯೋಕೆ ಅಕ್ಷರದ ಮೇಲೆ ಎರಡು ಗೀಟು ಬರುತ್ತಲ್ಲ, ಅದನ್ನ ಬಿಡಬೇಡ ಅಂತ ಅವನಿಗೆ ಹೇಳು ಅಂದಿದಾಳೆ ನೋರೀನ್.”